ಪಾವಾಪುರಿಯನ್ನು ಕೊನೆಗೆ ಇಟ್ಟುಕೊಳ್ಳಿ: ಬಿಹಾರದ ಮಹಾವೀರ ಯಾತ್ರೆ, ಒಂದು ವಿಮರ್ಶೆ

ಪಟ್ನಾದಿಂದ ಹೊರಡುವ ಪ್ಯಾಕೇಜ್ ಗಾಡಿಗಳು ನಳಂದ, ರಾಜಗೀರ್, ಪಾವಾಪುರಿ ಮೂರನ್ನೂ ಒಂದೇ ದಿನದಲ್ಲಿ ಮುಗಿಸುತ್ತವೆ. ಆ ಲೆಕ್ಕದಲ್ಲಿ ಪಾವಾಪುರಿಯ ಪಾಲಿಗೆ ಬರುವುದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು. ಕೆರೆಯ ನಡುವಿನ ಬಿಳಿ ಗುಡಿಗೆ ಒಂದು ಸುತ್ತು, ಸೇತುವೆ ಮೇಲೆ ಒಂದು ಫೋಟೋ, ಮತ್ತೆ ಗಾಡಿ. ಭಗವಾನ್ ಮಹಾವೀರರ ಬದುಕನ್ನು ನೆಲದ ಮೇಲೆ ಗುರುತಿಸಿಕೊಂಡು ನೋಡಬೇಕೆಂಬ ಆಸೆಯಿಂದ ಹೋಗುವವರಿಗೆ ಇದು ದೊಡ್ಡ ನಷ್ಟ. ಈ ವಿಮರ್ಶೆ ನಾಲ್ಕು ನಿಲುಗಡೆಗಳ ಯಾತ್ರೆಯದು: ವೈಶಾಲಿ ಬಳಿಯ ಬಾಸೋಕುಂಡ, ನಳಂದದ ಪಕ್ಕದ ಕುಂಡಲಪುರ, ರಾಜಗೀರ್, ಪಾವಾಪುರಿ. ಇದೇ ಕ್ರಮದಲ್ಲಿ, ಕನಿಷ್ಠ ಐದು ದಿನ ಇಟ್ಟುಕೊಂಡು ಹೋಗಿ. ಹುಟ್ಟಿನಿಂದ ನಿರ್ವಾಣದ ಕಡೆಗೆ ನಡೆದರೆ ಪಾವಾಪುರಿ ಅರ್ಥವಾಗುತ್ತದೆ. ಮೊದಲೇ ಅಲ್ಲಿಗೆ ಹೋದವರಿಗೆ ಅದು ಚೆಂದದ ಕೆರೆ, ಅಷ್ಟೇ.

ಹೊರಡುವ ಮುನ್ನ ಒಂದು ಮಾತು ಸ್ಪಷ್ಟವಾಗಲಿ. ಟ್ಯಾಕ್ಸಿಯವರು, ಗೈಡ್‌ಗಳು, ಶಾಲೆಯ ಪಠ್ಯಗಳು ಎಲ್ಲವೂ ಮಹಾವೀರರನ್ನು ‘ಜೈನ ಧರ್ಮದ ಸ್ಥಾಪಕ’ ಎನ್ನುತ್ತವೆ. ಜೈನರು ಹಾಗೆ ಹೇಳುವುದಿಲ್ಲ. ಈ ಕಾಲಚಕ್ರದ ಅವಸರ್ಪಿಣಿಯಲ್ಲಿ, ಅಂದರೆ ಇಳಿಮುಖದ ಅರ್ಧದಲ್ಲಿ, ಮೊದಲ ತೀರ್ಥಂಕರ (ಸಂಸಾರ ದಾಟುವ ದಾರಿ ತೋರಿದವರು) ವೃಷಭನಾಥರು, ಅಂದರೆ ನಮ್ಮ ಗೊಮ್ಮಟನ ತಂದೆ ಆದಿನಾಥರು. ಮಹಾವೀರರು 24ನೆಯವರು, ಕೊನೆಯವರು. ಅವರಿಗಿಂತ 250 ವರ್ಷ ಹಿಂದೆ 23ನೆಯ ಪಾರ್ಶ್ವನಾಥರು ಇದ್ದರೆಂಬುದು ಪರಂಪರೆಯ ಲೆಕ್ಕ. ಮಹಾವೀರರ ತಂದೆತಾಯಿಯೇ ಪಾರ್ಶ್ವನಾಥರ ಅನುಯಾಯಿಗಳಾಗಿದ್ದರೆಂದು ಶ್ವೇತಾಂಬರ ಪಂಥದ ಆಗಮ (ಶಾಸ್ತ್ರಗ್ರಂಥ) ಹೇಳುತ್ತದೆ. ಪಾರ್ಶ್ವನಾಥರದು ನಾಲ್ಕು ವ್ರತಗಳ ಚಾತುರ್ಯಾಮ. ಮಹಾವೀರರು ಬ್ರಹ್ಮಚರ್ಯವನ್ನು ಬೇರೆಯಾಗಿ ಎತ್ತಿ ಹೇಳಿ ಐದು ಮಾಡಿದರು: ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು). ಇಷ್ಟು ತಲೆಯಲ್ಲಿದ್ದರೆ ರಾಜಗೀರ್‌ನ ಬೆಟ್ಟದ ಮೇಲೆ ಆಮೆಯ ಲಾಂಛನದ ಮೂರ್ತಿ ಕಂಡಾಗ ಗಲಿಬಿಲಿ ಆಗದು. ಅದು 20ನೆಯ ಮುನಿಸುವ್ರತರದು, ಅವರ ಜನ್ಮಸ್ಥಳ ರಾಜಗೃಹವೇ. ಪೀಠದ ಮೇಲೆ ಸಿಂಹವಿದ್ದರೆ ಮಹಾವೀರರು, ಎತ್ತು ಇದ್ದರೆ ಆದಿನಾಥರು, ತಲೆಯ ಮೇಲೆ ಏಳು ಹೆಡೆ ಇದ್ದರೆ ಪಾರ್ಶ್ವನಾಥರು. ಪೀಠ ನೋಡದೆ ಮುಖ ನೋಡಿ ಗುರುತಿಸಲು ಹೋದರೆ ತಪ್ಪುವುದು ಖಂಡಿತ, ಏಕೆಂದರೆ ಮುಖಗಳೆಲ್ಲ ಒಂದೇ ಶಾಂತಿಯವು.

ಇನ್ನೊಂದು ತಯಾರಿ ಪಂಚಾಂಗದ್ದು. ಕರ್ನಾಟಕದಿಂದ ಹೋಗುವವರು ಎಡವುವುದು ಇಲ್ಲೇ. ಬಿಹಾರದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಶುಕ್ಲಪಕ್ಷದ ತಿಥಿಗಳಲ್ಲಿ ವ್ಯತ್ಯಾಸವಿಲ್ಲ. ಜನ್ಮದಿನವಾದ ಚೈತ್ರ ಶುದ್ಧ ತ್ರಯೋದಶಿ, ಕೇವಲಜ್ಞಾನದ (ಎಲ್ಲವನ್ನೂ ಅರಿಯುವ ಜ್ಞಾನ ಆದ) ವೈಶಾಖ ಶುದ್ಧ ದಶಮಿ ಎರಡೂ ಕಡೆ ಒಂದೇ. ಕೃಷ್ಣಪಕ್ಷದಲ್ಲಿ ಮಾತ್ರ ತಿಂಗಳ ಹೆಸರು ಒಂದು ಮುಂದೆ ಹೋಗುತ್ತದೆ. ಅವರ ‘ಕಾರ್ತಿಕ ಕೃಷ್ಣ ಅಮಾವಾಸ್ಯೆ’ ನಮ್ಮ ಆಶ್ವಯುಜ ಬಹುಳ ಅಮಾವಾಸ್ಯೆ, ಅಂದರೆ ದೀಪಾವಳಿ ಅಮಾವಾಸ್ಯೆ, ನಿರ್ವಾಣದ ದಿನ. ಅವರ ‘ಶ್ರಾವಣ ಕೃಷ್ಣ ಪ್ರತಿಪದೆ’ ನಮ್ಮ ಆಷಾಢ ಬಹುಳ ಪಾಡ್ಯ, ದಿಗಂಬರ ಪರಂಪರೆಯಲ್ಲಿ ಮೊದಲ ದಿವ್ಯಧ್ವನಿ, ಅಂದರೆ ಮಹಾವೀರರ ಉಪದೇಶ, ಹೊರಟ ವೀರಶಾಸನ ಜಯಂತಿ. ದೀಕ್ಷೆಯ ‘ಮಾರ್ಗಶೀರ್ಷ ಕೃಷ್ಣ ದಶಮಿ’ ನಮಗೆ ಕಾರ್ತಿಕ ಬಹುಳ ದಶಮಿ. ಧರ್ಮಶಾಲೆಯವರು ಫೋನಿನಲ್ಲಿ ಹೇಳುವ ತಿಥಿಯನ್ನು ನಮ್ಮ ಕ್ಯಾಲೆಂಡರಿನಲ್ಲಿ ಹುಡುಕಿ ಟಿಕೆಟ್ ಮಾಡಿಸಿದರೆ ಉತ್ಸವ ಮುಗಿದು ಒಂದು ತಿಂಗಳಾದ ಮೇಲೆ ತಲುಪುತ್ತೀರಿ. ತಾರೀಖನ್ನೇ ಕೇಳಿ ಬರೆದುಕೊಳ್ಳಿ.

ಜನ್ಮಸ್ಥಳದ ಮಾತು ಬಂದರೆ, ಒಂದಲ್ಲ, ಮೂರು ಊರುಗಳಿವೆ. ಇತಿಹಾಸಕಾರರು ಹೆಚ್ಚಾಗಿ ಒಪ್ಪುವುದು ವೈಶಾಲಿ ಬಳಿಯ ಬಾಸೋಕುಂಡವನ್ನು. ದಿಗಂಬರ ಯಾತ್ರಿಕರು ಬಹುಕಾಲದಿಂದ ಹೋಗುತ್ತಿರುವುದು ನಳಂದದ ಬಳಿಯ ಕುಂಡಲಪುರಕ್ಕೆ. ಶ್ವೇತಾಂಬರರು ಜಮುಯಿ ಜಿಲ್ಲೆಯ ಲಛುವಾರ್ ಬಳಿಯ ಕ್ಷತ್ರಿಯಕುಂಡವನ್ನು ನಂಬುತ್ತಾರೆ. ಅಲ್ಲಿನ ಹಳೆಯ ಮಹಾವೀರ ಮೂರ್ತಿ 2015ರಲ್ಲಿ ಕಳವಾಗಿ, ಮತ್ತೆ ಸಿಕ್ಕಿತು. ಮೂರೂ ಕಡೆ ‘ಇದೇ ನಿಜವಾದ ಜನ್ಮಸ್ಥಾನ’ ಎನ್ನುತ್ತಾರೆ. ವಾದಕ್ಕೆ ಇಳಿಯದೆ, ಮೂರರಲ್ಲಿ ಎರಡನ್ನು ನೋಡಿದರೆ ಸಾಕು. ಲಛುವಾರ್ ಉಳಿದ ಊರುಗಳಿಂದ ದೂರ, ಮಿಕ್ಕವು ಒಂದೇ ದಾರಿಯ ಮೇಲೆ ಬರುತ್ತವೆ.

ಬಾಸೋಕುಂಡಕ್ಕೆ ಪಟ್ನಾದಿಂದ ಗಂಗೆ ದಾಟಿ ಹಾಜೀಪುರದ ಮೇಲೆ ಹೋಗಬೇಕು, ಸುಮಾರು 60 ಕಿ.ಮೀ. ಊರು ಮುಜಫ್ಫರ್‌ಪುರ ಜಿಲ್ಲೆಗೆ ಸೇರಿದ್ದು. ಚಾಲಕನಿಗೆ ಬರೀ ‘ವೈಶಾಲಿ’ ಎಂದರೆ ಆತ ಅಶೋಕ ಸ್ತಂಭವಿರುವ ಕೋಲ್ಹುವಾದಲ್ಲೂ ಬೌದ್ಧ ಸ್ತೂಪದ ಬಳಿಯೂ ನಿಲ್ಲಿಸಿ ವಾಪಸ್ ತಿರುಗಿಸುತ್ತಾನೆ. ‘ಬಾಸೋಕುಂಡ್, ಮಹಾವೀರ್ ಜನ್ಮಸ್ಥಾನ್’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲಿ ನೋಡಬೇಕಾದ್ದು ಒಂದು ತುಂಡು ನೆಲ. ಮಹಾವೀರರು ಹುಟ್ಟಿದ ಜಾಗವೆಂದು ಊರಿನ ರೈತರು ತಲೆಮಾರುಗಳಿಂದ ಉಳದೆ ಬಿಟ್ಟ ಭೂಮಿ. ‘ಅಹಲ್ಯ ಭೂಮಿ’ ಎಂದೇ ಅದರ ಹೆಸರು, ಹಲ ಅಂದರೆ ನೇಗಿಲು ಮುಟ್ಟದ್ದು ಎಂದರ್ಥ. 1956ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಇಲ್ಲಿ ಸ್ಮಾರಕದ ಶಿಲೆ ಇಟ್ಟರು. ಪಕ್ಕದಲ್ಲೇ ಪ್ರಾಕೃತ, ಜೈನಶಾಸ್ತ್ರ ಮತ್ತು ಅಹಿಂಸೆಯ ಸಂಶೋಧನಾ ಸಂಸ್ಥೆ ಇದೆ, ಈಗ ಹೊಸ ಬಸದಿಯೂ ಎದ್ದಿದೆ. ಹೊಸ ಕಟ್ಟಡದ ಅಮೃತಶಿಲೆಗಿಂತ, ಜೈನರಲ್ಲದ ಬೇಸಾಯಗಾರರು ಅನ್ನ ಕೊಡುವ ಮಣ್ಣನ್ನು ಇಷ್ಟು ಕಾಲ ಹಾಗೇ ಬಿಟ್ಟರಲ್ಲ, ಆ ಸಂಗತಿ ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಮಹಾವೀರ ಜಯಂತಿಯ ಹೊತ್ತಿಗೆ ಸರ್ಕಾರದ ವೈಶಾಲಿ ಮಹೋತ್ಸವ ನಡೆಯುತ್ತದೆ. ಜನಸಂದಣಿ, ಮೈಕು ಬೇಡವೆನ್ನುವವರು ಆ ವಾರ ತಪ್ಪಿಸಿ. ಎರಡು ಗಂಟೆ ಸಾಕಾಗುವ ಜಾಗ, ರಾತ್ರಿ ಪಟ್ನಾಕ್ಕೆ ವಾಪಸಾಗುವುದೇ ಅನುಕೂಲ.

ವೈಶಾಲಿಯನ್ನು ಬಿಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಹಾವೀರರು ಅರಮನೆ ಬಿಟ್ಟವರು ಎಂದಷ್ಟೇ ಕೇಳಿರುತ್ತೇವೆ. ಆದರೆ ತಂದೆ ಸಿದ್ಧಾರ್ಥ ಜ್ಞಾತೃ ಕುಲದ ಮುಖಂಡ, ತಾಯಿ ತ್ರಿಶಲೆ ವೈಶಾಲಿಯ ಚೇಟಕನ ಮನೆಯವಳು. ದಿಗಂಬರರು ಆಕೆಯನ್ನು ಪ್ರಿಯಕಾರಿಣಿ ಎಂದೂ ಕರೆದು ಚೇಟಕನ ಮಗಳೆನ್ನುತ್ತಾರೆ, ಶ್ವೇತಾಂಬರರಿಗೆ ಆಕೆ ಅವನ ತಂಗಿ. ವೈಶಾಲಿ ಇದ್ದದ್ದು ವಜ್ಜಿಗಳ ಗಣರಾಜ್ಯದಲ್ಲಿ, ಒಬ್ಬ ಅರಸನ ಕೈಯಲ್ಲಿ ಅಲ್ಲ. ಸಭೆ ಕೂಡಿ ಮಾತಾಡಿ ನಿರ್ಧರಿಸುವ ಜನರ ನಡುವೆ ಬೆಳೆದವರು ಮುಂದೆ ‘ಒಂದು ವಸ್ತುವಿಗೆ ಹಲವು ಮುಖ, ಒಬ್ಬನ ಮಾತು ಒಂದು ಮುಖವನ್ನಷ್ಟೇ ಹಿಡಿಯುತ್ತದೆ’ ಎಂಬ ಅನೇಕಾಂತವನ್ನು ಬೋಧಿಸಿದರು ಎಂಬುದನ್ನು ಈ ಬಯಲಲ್ಲಿ ನಿಂತು ನೆನೆಯುವುದು ಹಿತ. ಎರಡಕ್ಕೂ ನೇರ ಸಂಬಂಧ ಇದೆಯೆಂದು ಸಾಧಿಸಲಾಗದು. ಆದರೂ ಹಾಗೆ ಅನಿಸುತ್ತದೆ.

ಕುಂಡಲಪುರ ನಳಂದದ ಅವಶೇಷಗಳಿಂದ 3 ಕಿ.ಮೀ. ಒಳಗೆ. ಇಲ್ಲಿ ಹಳೆಯ ದಿಗಂಬರ ಮಂದಿರದ ಜೊತೆಗೆ ಗಣಿನೀ ಜ್ಞಾನಮತಿ ಮಾತಾಜಿಯವರ ಪ್ರೇರಣೆಯಿಂದ ಕಟ್ಟಿದ ನಂದ್ಯಾವರ್ತ ಮಹಲ್ ಇದೆ. ಪುರಾಣ ವರ್ಣಿಸುವ ಏಳು ಅಂತಸ್ತಿನ ಅರಮನೆಯ ಮಾದರಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಉಪಯೋಗ, ಬಾಲ್ಯದ ಪ್ರಸಂಗಗಳನ್ನು ಇಲ್ಲಿ ಹೇಳಿಕೊಡುವುದು ಸುಲಭ. ಹಳೆಯ ಕಲ್ಲು, ಶಾಸನ ಹುಡುಕಿಕೊಂಡು ಹೋಗುವವರು ಒಂದು ಗಂಟೆಯಲ್ಲಿ ಮುಗಿಸಬಹುದು. ನಳಂದದ ವಿಶ್ವವಿದ್ಯಾಲಯದ ಅವಶೇಷ ಬೌದ್ಧರದು, ಮಹಾವೀರರ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಗೈಡ್ ಎರಡನ್ನೂ ಬೆರೆಸಿ ಹೇಳಿದರೆ ನಂಬಬೇಡಿ. ಮಹಾವೀರರಿಗೆ ನಳಂದದ ನಂಟು ಬೇರೆ ರೀತಿಯದು. ಶ್ವೇತಾಂಬರರ ಗ್ರಂಥ ಕಲ್ಪಸೂತ್ರದ ಪಟ್ಟಿಯಂತೆ ಅವರು ಕಳೆದ 42 ಮಳೆಗಾಲಗಳಲ್ಲಿ 14 ರಾಜಗೃಹ ಮತ್ತು ಅದರ ಹೊರವಲಯ ನಳಂದದಲ್ಲಿ, 12 ವೈಶಾಲಿ ಮತ್ತು ವಾಣಿಜ್ಯಗ್ರಾಮದಲ್ಲಿ, 6 ಮಿಥಿಲೆಯಲ್ಲಿ, ಕೊನೆಯದೊಂದು ಪಾವೆಯಲ್ಲಿ, ಅಂದರೆ ಪಾವಾಪುರಿಯಲ್ಲಿ. ಅಂದರೆ ಈ ಯಾತ್ರೆಯ ದಾರಿಯಲ್ಲೇ ಅವರ ಸುಮಾರು ಮೂರರಲ್ಲಿ ಎರಡು ಪಾಲು ಚಾತುರ್ಮಾಸ (ಮಳೆಗಾಲದ ವಾಸ) ಮುಗಿದಿತ್ತೆಂದರೆ ತಪ್ಪಾಗದು.

ರಾಜಗೀರ್‌ಗೆ ಎರಡು ಪೂರ್ಣ ದಿನ ಬೇಕು. ಐದು ಬೆಟ್ಟಗಳಿವೆ: ವಿಪುಲಾಚಲ, ರತ್ನಗಿರಿ, ಉದಯಗಿರಿ, ಸ್ವರ್ಣಗಿರಿ, ವೈಭಾರಗಿರಿ. ಗಟ್ಟಿಮುಟ್ಟಾದವರು ಐದನ್ನೂ ಒಂದೇ ದಿನ ವಂದನೆ ಮಾಡುವುದುಂಟು, ಆದರೆ ಮಂಡಿನೋವಿನವರಿಗೆ ಅದು ಆಗದ ಕೆಲಸ. ಮೊದಲ ದಿನ ವಿಪುಲಾಚಲದಿಂದ ಶುರುಮಾಡಿ ರತ್ನಗಿರಿ, ಉದಯಗಿರಿ. ಎರಡನೆಯ ದಿನ ಸ್ವರ್ಣಗಿರಿ, ವೈಭಾರ. ಬೆಳಕು ಮೂಡುವ ಮುಂಚೆಯೇ ಬುಡದಲ್ಲಿರಬೇಕು, ಹತ್ತು ಗಂಟೆಯ ಮೇಲೆ ಮೆಟ್ಟಿಲು ಕಾಯುತ್ತದೆ. ಚಪ್ಪಲಿ ಬಿಟ್ಟು ಹತ್ತುವ ಸಂಕಲ್ಪದವರು ಮಾರ್ಚ್‌ನಿಂದ ಜೂನ್‌ವರೆಗೆ ಈ ಯಾತ್ರೆಯನ್ನೇ ಇಟ್ಟುಕೊಳ್ಳದಿರುವುದು ಒಳ್ಳೆಯದು. ಡೋಲಿ ಸಿಗುತ್ತದೆ. ಬೆಲೆಯನ್ನು ಧರ್ಮಶಾಲೆಯ ಕಚೇರಿಯವರ ಮುಂದೆ, ಹತ್ತುವ ಮುಂಚೆ, ‘ಹೋಗಿ ಬರುವುದಕ್ಕೆ’ ಎಂದು ಮಾತಾಡಿ. ಮೇಲೆ ಹೋದ ಮೇಲೆ ಮಾತಾಡಿದರೆ ಎರಡು ಕಡೆಗೂ ಮನಸ್ತಾಪ. ಕೋತಿಗಳಿರುವ ಜಾಗ, ಪೂಜಾದ್ರವ್ಯದ ಚೀಲ ಬಟ್ಟೆಯೊಳಗೆ ಇರಲಿ.

ರಾಜಗೀರ್‌ನಲ್ಲಿ ಜನ ಮಾಡುವ ದೊಡ್ಡ ತಪ್ಪು ರೋಪ್‌ವೇ ಟಿಕೆಟ್ ತೆಗೆದುಕೊಂಡು ‘ಬೆಟ್ಟ ಹತ್ತಿಯಾಯಿತು’ ಎಂದುಕೊಳ್ಳುವುದು. ಅದು ಹೋಗುವುದು ಜಪಾನೀ ಬೌದ್ಧರು ಕಟ್ಟಿದ ವಿಶ್ವಶಾಂತಿ ಸ್ತೂಪಕ್ಕೆ. ವಿಪುಲಾಚಲಕ್ಕೆ ರೋಪ್‌ವೇ ಇಲ್ಲ, ಮೆಟ್ಟಿಲೇ ಗತಿ. ಮಹಾವೀರರ ಬೋಧನೆಯ ದೃಷ್ಟಿಯಿಂದ ಯಾತ್ರೆಯಲ್ಲಿ ಮುಖ್ಯವಾದ ಬೆಟ್ಟವೂ ಇದೇ. ಕೇವಲಜ್ಞಾನ ಆದದ್ದು ಜೃಂಭಿಕಗ್ರಾಮದ ಬಳಿ, ಋಜುಪಾಲಿಕಾ ನದಿಯ ದಡದಲ್ಲಿ, ಶಾಲವೃಕ್ಷದ ಕೆಳಗೆ, 42ನೆಯ ವಯಸ್ಸಿನಲ್ಲಿ. ಆ ಮೇಲೆ 66 ದಿನ ಅವರು ಮಾತಾಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಕೇಳಿದ್ದನ್ನು ಹಿಡಿದು ಲೋಕಕ್ಕೆ ತಿಳಿಸಬಲ್ಲ ಗಣಧರ (ಪ್ರಧಾನ ಶಿಷ್ಯ) ಇರಲಿಲ್ಲ. ವೇದಪಂಡಿತ ಇಂದ್ರಭೂತಿ ಗೌತಮರು ವಾದಕ್ಕೆಂದು ಬಂದು ಶಿಷ್ಯರಾದ ಮೇಲೆ ವಿಪುಲಾಚಲದಲ್ಲಿ ದಿವ್ಯಧ್ವನಿ ಹೊರಟಿತು. ವೈಶಾಖ ಶುದ್ಧ ದಶಮಿಯಿಂದ ನಮ್ಮ ಆಷಾಢ ಬಹುಳ ಪಾಡ್ಯದವರೆಗೆ ಎಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಶ್ವೇತಾಂಬರರ ಪ್ರಕಾರ ಗೌತಮರು ಶಿಷ್ಯರಾದದ್ದೂ ಸಂಘ ಸ್ಥಾಪನೆಯಾದದ್ದೂ ಮರುದಿನವೇ, ಪಾವೆಯ ಮಹಾಸೇನ ವನದಲ್ಲಿ. ಬೆಟ್ಟದ ಮೇಲೆ ಮೊದಲ ಬೋಧೆಯ ನೆನಪಿಗೆ ಸಮವಸರಣದ (ತೀರ್ಥಂಕರರ ಉಪದೇಶಸಭೆಯ) ಆಕಾರದ ಸ್ಮಾರಕ ಕಟ್ಟಿದ್ದಾರೆ. ಕನ್ನಡದ ಜೈನ ಪುರಾಣಗಳನ್ನು ಓದಿದವರಿಗೆ ಇಲ್ಲಿ ನಿಲ್ಲುವುದು ರೋಮಾಂಚನ: ಶ್ರೇಣಿಕ ಮಹಾರಾಜ ಪ್ರಶ್ನೆ ಕೇಳುತ್ತಾನೆ, ಗೌತಮ ಗಣಧರರು ಕಥೆ ಹೇಳುತ್ತಾರೆ ಎಂಬ ಆ ಚೌಕಟ್ಟಿನ ಊರು ಇದೇ, ಶ್ರೇಣಿಕನೆಂದರೆ ಇಲ್ಲಿ ಆಳಿದ ಬಿಂಬಿಸಾರನೇ.

ವೈಭಾರಗಿರಿಯ ಬುಡದಲ್ಲಿ ಸೋನ್‌ಭಂಡಾರ್ ಗುಹೆಗಳಿವೆ. ಇಲ್ಲಿ ಬಿಂಬಿಸಾರನ ಚಿನ್ನ ಬಂಡೆಯ ಹಿಂದೆ ಇದೆ, ಬಾಗಿಲು ತೆರೆಯುವ ಮಂತ್ರ ಗೋಡೆಯ ಮೇಲೆ ಬರೆದಿದೆ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗೋಡೆಯ ಮೇಲಿರುವುದು ಮಂತ್ರವಲ್ಲ. ವೈರದೇವ ಎಂಬ ಮುನಿ ತಪಸ್ವಿಗಳ ವಾಸಕ್ಕಾಗಿ, ಅರ್ಹಂತರ ಪ್ರತಿಮೆಗಳನ್ನಿಟ್ಟು, ಎರಡು ಗುಹೆ ಮಾಡಿಸಿದನೆಂದು ಹೇಳುವ ಶಾಸನ ಅದು, ಸುಮಾರು ಕ್ರಿ.ಶ. 3–4ನೆಯ ಶತಮಾನದ್ದು. ಪಕ್ಕದ ಗುಹೆಯ ಒಳಗೋಡೆಯಲ್ಲಿ ತೀರ್ಥಂಕರರ ಉಬ್ಬುಶಿಲ್ಪಗಳಿವೆ, ಒಂದು ಕೈದೀಪ ತೆಗೆದುಕೊಂಡು ಹೋಗಿ. ಅಪರಿಗ್ರಹ ಬೋಧಿಸಿದವರ ಮುನಿಗಳ ಗುಹೆಯಲ್ಲಿ ಜನ ಚಿನ್ನ ಹುಡುಕುವುದು ನೋಡಿದರೆ ಸಂಕಟವಾಗುತ್ತದೆ. ಅಲ್ಲಿ ಇರಬೇಕಾದ್ದು ಶಾಸನದ ಅರ್ಥ ತಿಳಿಸುವ ಒಂದು ಒಳ್ಳೆಯ ಫಲಕ.

ರಾಜಗೀರ್‌ನ ವೀರಾಯತನ ಬೇರೆಯದೇ ಅನುಭವ. ಉಪಾಧ್ಯಾಯ ಅಮರಮುನಿಗಳ ಪ್ರೇರಣೆ, ಆಚಾರ್ಯ ಚಂದನಾಜಿಯವರ ಶ್ರಮದಿಂದ 1970ರ ದಶಕದಲ್ಲಿ ಶುರುವಾದ ಸಂಸ್ಥೆ. ಕಣ್ಣಿನ ಆಸ್ಪತ್ರೆ ಇದರ ಹೆಮ್ಮೆ. ಒಳಗಿನ ಬ್ರಾಹ್ಮೀ ಕಲಾಮಂದಿರದಲ್ಲಿ ತೀರ್ಥಂಕರರ ಜೀವನವನ್ನು ಗಾಜಿನ ಹಿಂದೆ ಸಣ್ಣ ಸಣ್ಣ ಗೊಂಬೆದೃಶ್ಯಗಳಾಗಿ ಕೂರಿಸಿದ್ದಾರೆ. ಕೈಕೆಲಸ ಅಪ್ಪಟ, ಒಂದೊಂದು ದೃಶ್ಯದ ಮುಂದೆ ಮಕ್ಕಳು ಅಲ್ಲಾಡದೆ ನಿಲ್ಲುತ್ತಾರೆ. ಕನಿಷ್ಠ ಒಂದೂವರೆ ಗಂಟೆ ಕೊಡಿ. ಆದರೆ ಕರ್ನಾಟಕದ ದಿಗಂಬರ ಮನೆಗಳವರು ಒಂದು ವಿಷಯ ಮೊದಲೇ ತಿಳಿದಿರಲಿ: ಇದು ಶ್ವೇತಾಂಬರ ಪರಂಪರೆಯ ಸಂಸ್ಥೆ. ಎರಡು ಪರಂಪರೆಗಳು ಒಂದೇ ಜೀವನವನ್ನು ಹೇಳುವಾಗ ಎಲ್ಲೆಲ್ಲಿ ಬೇರೆಯಾಗುತ್ತವೆಂದು ಗೊತ್ತಿಲ್ಲದಿದ್ದರೆ ‘ಇದೇನು ತಪ್ಪು ತೋರಿಸಿದ್ದಾರೆ’ ಎಂದು ಬೇಸರಪಡುವವರಿದ್ದಾರೆ. ತಾಯಿ ಕಂಡ ಸ್ವಪ್ನ ದಿಗಂಬರರಾದ ನಮ್ಮಲ್ಲಿ 16, ಶ್ವೇತಾಂಬರರಲ್ಲಿ 14. ಗರ್ಭ ಮೊದಲು ದೇವಾನಂದೆ ಎಂಬ ಬ್ರಾಹ್ಮಣ ಹೆಂಗಸಿನಲ್ಲಿದ್ದು ಆಮೇಲೆ ತ್ರಿಶಲೆಗೆ ಬಂತೆಂಬುದು ಶ್ವೇತಾಂಬರ ಕಥೆ, ದಿಗಂಬರರು ಒಪ್ಪುವುದಿಲ್ಲ. ಶ್ವೇತಾಂಬರರ ಪ್ರಕಾರ ವರ್ಧಮಾನರಿಗೆ (ಮಹಾವೀರರ ಹುಟ್ಟುಹೆಸರು) ಯಶೋದೆಯೊಡನೆ ಮದುವೆಯಾಗಿ ಪ್ರಿಯದರ್ಶನೆ ಎಂಬ ಮಗಳಿದ್ದಳು, ದಿಗಂಬರರಿಗೆ ಅವರು ಬಾಲಬ್ರಹ್ಮಚಾರಿ. ತಂದೆತಾಯಿ ತೀರಿದ ಮೇಲೆ ಅಣ್ಣ ನಂದಿವರ್ಧನನ ಅನುಮತಿ ಪಡೆದು ದೀಕ್ಷೆ ತೆಗೆದುಕೊಂಡರೆಂದು ಶ್ವೇತಾಂಬರರು ಹೇಳಿದರೆ, ತಂದೆತಾಯಿ ಇರುವಾಗಲೇ ಎಂದು ನಮ್ಮವರು. 30ನೆಯ ವಯಸ್ಸು, ಹನ್ನೆರಡು ವರ್ಷದ ಮೇಲಿನ ತಪಸ್ಸು, 72ನೆಯ ವಯಸ್ಸಿನ ನಿರ್ವಾಣ, ಐದು ವ್ರತ, ಹನ್ನೊಂದು ಗಣಧರರು, ಇವುಗಳಲ್ಲಿ ಭೇದವಿಲ್ಲ.

ತಪಸ್ಸಿನ ವರ್ಷಗಳು ಆ ಕಲಾಮಂದಿರದಲ್ಲಿ ಮನಮುಟ್ಟುವ ಭಾಗ. ಹನ್ನೆರಡೂವರೆ ವರ್ಷದಲ್ಲಿ ಆಹಾರ ತೆಗೆದುಕೊಂಡ ದಿನಗಳು 349 ಎಂದು ಶ್ವೇತಾಂಬರ ಲೆಕ್ಕ. ಕೌಶಾಂಬಿಯಲ್ಲಿ ಕಾಲಿಗೆ ಬೇಡಿ ಹಾಕಿಸಿಕೊಂಡಿದ್ದ ಚಂದನೆ ಮೊರದಲ್ಲಿ ಹಿಡಿದ ಉದ್ದಿನ ಕಾಳು ಕೊಟ್ಟು ಅವರ ಉಪವಾಸ ಮುರಿಸಿದಳು. ಐದು ತಿಂಗಳು 25 ದಿನದ ಉಪವಾಸವದು. ಅದೇ ಚಂದನೆ ಮುಂದೆ ಆರ್ಯಿಕೆಯರ (ಸನ್ಯಾಸಿನಿಯರ) ಸಂಘಕ್ಕೆ ಹಿರಿಯಳಾದಳು. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ನಾಲ್ಕು ಕಾಲಿನ ಸಂಘದಲ್ಲಿ ಬೇಡಿ ಕಳಚಿಕೊಂಡ ಹೆಣ್ಣೊಬ್ಬಳು ಮುಂದೆ ನಿಂತದ್ದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ.

ಊಟ, ನೀರಿನ ವಿಚಾರಕ್ಕೆ ಬಂದರೆ, ಈ ಯಾತ್ರೆಯಲ್ಲಿ ಮಹಾವೀರರ ಬೋಧನೆ ನಿತ್ಯ ಆಚರಣೆಯಾಗಿ ಸಿಗುವುದು ಧರ್ಮಶಾಲೆಗಳ ಭೋಜನಶಾಲೆಯಲ್ಲೇ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯುತ್ತದೆ. ಚಳಿಗಾಲದಲ್ಲಿ ಬಿಹಾರದಲ್ಲಿ ಐದು ಗಂಟೆಗೇ ಹೊತ್ತು ಮುಳುಗುತ್ತದೆ, ಬೆಂಗಳೂರಿನ ಆರು ಗಂಟೆಯ ಲೆಕ್ಕ ಇಟ್ಟುಕೊಂಡರೆ ರಾತ್ರಿ ಉಪವಾಸವೇ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಮೂಲಂಗಿ ಯಾವುದೂ ಇರುವುದಿಲ್ಲ. ಒಂದು ಗಡ್ಡೆಯಲ್ಲಿ ಅನಂತ ಜೀವ ಎಂಬುದು ಇದರ ಹಿಂದಿನ ಕಾರಣ. ಊಟ ರೊಟ್ಟಿ, ಬೇಳೆ, ಅನ್ನ, ಒಂದು ಪಲ್ಯದ್ದು. ರುಚಿಗಿಂತ ಶುದ್ಧಿ ಮುಖ್ಯ ಎಂದು ತಿಳಿದು ಕೂತರೆ ತೃಪ್ತಿಯಾಗುತ್ತದೆ. ಊಟಕ್ಕೆ ಎಷ್ಟು ಜನವೆಂದು ಬೆಳಗ್ಗೆಯೇ ಕಚೇರಿಯಲ್ಲಿ ಬರೆಸಬೇಕು, ಹೊತ್ತಿಗೆ ಸರಿಯಾಗಿ ಹೋಗಿ ‘ಐದು ತಟ್ಟೆ’ ಎಂದರೆ ಅಡುಗೆಯವರಿಗೆ ಕಷ್ಟ. ವ್ರತಿಗಳಿಗೆ ಬೇಕಾದ ಮಡಿಯ ಅಡುಗೆಗೆ ಅಲ್ಲಿ ‘ಶೋಧ್ ಕಾ ಭೋಜನ್’ ಎನ್ನುತ್ತಾರೆ, ಈ ಪದವನ್ನೇ ಬಳಸಿ ಹಿಂದಿನ ದಿನವೇ ಕೇಳಿ.

ನೀರಿನ ‘ಮರ್ಯಾದೆ’, ಅಂದರೆ ಅದನ್ನು ಬಳಸಬಹುದಾದ ಅವಧಿ, ವ್ರತ ಹಿಡಿದವರಿಗೆ ಗೊತ್ತಿದ್ದದ್ದೇ, ಮಿಕ್ಕವರಿಗಾಗಿ ಬರೆಯುತ್ತಿದ್ದೇವೆ. ದಿಗಂಬರ ಪದ್ಧತಿಯಲ್ಲಿ ಬಟ್ಟೆಯಲ್ಲಿ ಸೋಸಿದ ನೀರು 48 ನಿಮಿಷ, ಲವಂಗ ಮುಂತಾದ್ದು ಹಾಕಿ ಪ್ರಾಸುಕ (ಸೂಕ್ಷ್ಮಜೀವವಿಲ್ಲದ್ದು) ಮಾಡಿದ್ದು 6 ಗಂಟೆ, ಚೆನ್ನಾಗಿ ಕುದಿಸಿದ್ದು 24 ಗಂಟೆ. ಶ್ವೇತಾಂಬರರಲ್ಲಿ ಕುದಿಸಿದ ನೀರಿಗೆ ಮಳೆಗಾಲದಲ್ಲಿ 3 ಪ್ರಹರ (ಒಂದು ಪ್ರಹರ ಸುಮಾರು ಮೂರು ಗಂಟೆ), ಚಳಿಗಾಲದಲ್ಲಿ 4, ಬೇಸಿಗೆಯಲ್ಲಿ 5. ಹಿಟ್ಟಿಗೂ ಲೆಕ್ಕ ಇದೆ: ಚಳಿಗಾಲ 7 ದಿನ, ಬೇಸಿಗೆ 5, ಮಳೆಗಾಲ 3. ಆದ್ದರಿಂದ ಮನೆಯಿಂದ ಹುರಿಹಿಟ್ಟು, ಚಕ್ಕುಲಿ ಹಿಟ್ಟು ಕಟ್ಟಿಕೊಂಡು ಹೋಗುವ ಹಿರಿಯರು ಗಮನಿಸಬೇಕು. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರಾ ಎಕ್ಸ್‌ಪ್ರೆಸ್ ಸುಮಾರು ಎರಡು ದಿನ ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹೊರಟರೆ ವೈಶಾಲಿ ಮುಟ್ಟುವಷ್ಟರಲ್ಲಿ ಹಿಟ್ಟಿನ ಅವಧಿ ಮುಗಿದಿರುತ್ತದೆ. ಇಡೀ ಕಾಳು ಒಯ್ದು ಅಲ್ಲೇ ಬೀಸಿಸಿಕೊಳ್ಳುವುದು ಸರಿ, ಅಥವಾ ವಿಮಾನದಲ್ಲಿ ಹೋಗಿ.

ಪೂಜೆಯ ವಿಷಯದಲ್ಲಿ ನಮ್ಮವರಿಗೆ ಆಗುವ ಮುಜುಗರವನ್ನು ಹೇಳಲೇಬೇಕು. ಕರ್ನಾಟಕದ ಬಸದಿಗಳಲ್ಲಿ ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನದ ಅಭಿಷೇಕ, ಹೂವಿನ ಅಲಂಕಾರ, ಪದ್ಮಾವತಿ, ಜ್ವಾಲಾಮಾಲಿನಿಯರ ಆರಾಧನೆ ಎಲ್ಲ ಸಹಜ. ಉತ್ತರದ ತೇರಾಪಂಥ ಪದ್ಧತಿಯ ದಿಗಂಬರ ಮಂದಿರಗಳಲ್ಲಿ ಅಭಿಷೇಕ ಬರೀ ಪ್ರಾಸುಕ ನೀರಿನದು. ಹಸಿ ಹೂವು, ಹಸಿ ಹಣ್ಣು ಏರಿಸುವಂತಿಲ್ಲ. ಅಷ್ಟದ್ರವ್ಯದಲ್ಲಿ ಪುಷ್ಪದ ಬದಲು ಕೇಸರಿ ಹಚ್ಚಿದ ಅಕ್ಕಿ, ನೈವೇದ್ಯಕ್ಕೆ ಕೊಬ್ಬರಿ ಚೂರು, ದೀಪಕ್ಕೆ ಕೇಸರಿ ಬಣ್ಣದ ಕೊಬ್ಬರಿ ಚೂರು, ಫಲಕ್ಕೆ ಬಾದಾಮಿಯಂಥ ಒಣಕಾಯಿ. ಮಲ್ಲಿಗೆ ಮೊಳ, ಬಾಳೆಹಣ್ಣು ಹಿಡಿದು ಒಳಗೆ ಹೋಗಿ ಪೂಜಾರಿ ತಡೆದಾಗ ಅವಮಾನವೆಂದು ತಿಳಿಯಬೇಡಿ. ಹೂವಿನಲ್ಲಿರುವ ಜೀವಗಳ ಹಿಂಸೆ ಬೇಡವೆಂಬುದು ಅವರ ಕಾಳಜಿ. ಹೆಂಗಸರು ಅಭಿಷೇಕ ಮಾಡಬಹುದೇ ಎಂಬುದರಲ್ಲೂ ಮಂದಿರದಿಂದ ಮಂದಿರಕ್ಕೆ ವ್ಯತ್ಯಾಸ, ಒಳಗೆ ಹೋಗುವ ಮುಂಚೆ ಕೇಳಿ. ಶ್ವೇತಾಂಬರ ಮಂದಿರದಲ್ಲಿ ಮೂರ್ತಿ ಮುಟ್ಟಿ ಪೂಜಿಸಬೇಕಾದರೆ ಸ್ನಾನ, ಹೊಲಿಗೆಯಿಲ್ಲದ ಪೂಜಾವಸ್ತ್ರ, ಬಾಯಿಗೆ ಮುಖಕೋಶ ಬೇಕು. ದರ್ಶನಕ್ಕೆ ಅದ್ಯಾವುದೂ ಬೇಡ. ಚರ್ಮದ ಬೆಲ್ಟು, ಪರ್ಸು ಎರಡೂ ಕಡೆ ಹೊರಗೆ.

ಇನ್ನು ಪಾವಾಪುರಿ. ರಾಜಗೀರ್‌ನಿಂದ ಗಾಡಿಯಲ್ಲಿ ಒಂದು ಗಂಟೆಯ ದಾರಿ. ಮಧ್ಯಾಹ್ನ ಮೂರಕ್ಕೆ ತಲುಪಿ, ಧರ್ಮಶಾಲೆಯಲ್ಲಿ ಕೋಣೆ ಹಿಡಿದು, ಮರುದಿನ ಬೆಳಗ್ಗೆ ಒಂಬತ್ತರವರೆಗೆ ಇರಿ. ದಿಗಂಬರ, ಶ್ವೇತಾಂಬರ ಇಬ್ಬರ ಧರ್ಮಶಾಲೆಗಳೂ ಇವೆ. ಕೋಣೆಗಳು ಸಾದಾ. ಜಾತ್ರೆ, ಉತ್ಸವ ಇಲ್ಲದ ದಿನ ಜಾಗ ಸಿಗುವುದು ಕಷ್ಟವಲ್ಲ. ದೀಪಾವಳಿಗೆ ಮಾತ್ರ ತಿಂಗಳುಗಟ್ಟಲೆ ಮುಂಚೆ ಬರೆದು ತಿಳಿಸಬೇಕು. ಆ ದಿನ ಬೆಳಗಿನ ಜಾವ ನಿರ್ವಾಣ ಲಾಡು ಅರ್ಪಿಸಲು ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ, ಸೇತುವೆಯ ಮೇಲೆ ಹೆಜ್ಜೆ ಇಡಲು ಸರದಿ ಕಾಯಬೇಕು.

ಸಂಜೆ ಮೊದಲು ಗಾಂವ್ ಮಂದಿರಕ್ಕೆ, ಅಂದರೆ ಊರಿನ ಗುಡಿಗೆ, ಹೋಗಿ. ಕೊನೆಯ ಉಪದೇಶ, ನಿರ್ವಾಣ ಆದದ್ದು ಇಲ್ಲಿ ಎಂಬ ನಂಬಿಕೆ. ಹಸ್ತಿಪಾಲ ರಾಜನ ಬರವಣಿಗೆಯವರ ಹಳೆಯ ಕಚೇರಿಯಲ್ಲಿ ಅವರು ಕೊನೆಯ ಮಳೆಗಾಲ ಕಳೆದರೆಂದು ಕಲ್ಪಸೂತ್ರ ಹೇಳುತ್ತದೆ. ಅರಮನೆಯಲ್ಲಿ ಹುಟ್ಟಿದವರು ಗುಮಾಸ್ತರ ಕಚೇರಿಯಲ್ಲಿ ದೇಹ ಬಿಟ್ಟರು. ಕ್ರಿ.ಪೂ. 527, ಅಮಾವಾಸ್ಯೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತು. ಮಲ್ಲರ 9, ಲಿಚ್ಛವಿಗಳ 9, ಒಟ್ಟು 18 ಗಣರಾಜರು ‘ಜ್ಞಾನದ ಬೆಳಕು ಹೋಯಿತು, ವಸ್ತುಗಳ ಬೆಳಕನ್ನಾದರೂ ಹಚ್ಚೋಣ’ ಎಂದು ದೀಪ ಹಚ್ಚಿದರು. ಜೈನರ ದೀಪಾವಳಿ ಅದು. ವೀರ ನಿರ್ವಾಣ ಸಂವತ್ ಶುರುವಾದದ್ದೂ ಆಗಲೇ. ಲೆಕ್ಕ ಸುಲಭ: ದೀಪಾವಳಿ ಕಳೆದ ಮೇಲೆ ಇಸವಿಗೆ 527 ಕೂಡಿ, ಅದಕ್ಕೆ ಮುಂಚೆಯಾದರೆ 526. 2025ರ ದೀಪಾವಳಿಗೆ 2552 ಬಂತು. ಧರ್ಮಶಾಲೆಯ ರಸೀದಿ, ಶಿಲಾಫಲಕಗಳ ಮೇಲೆ ‘ವೀ.ನಿ.ಸಂ.’ ಎಂದಿರುವುದು ಇದೇ. ಪಾವೆ ಉತ್ತರ ಪ್ರದೇಶದ ಕುಶೀನಗರದ ಕಡೆ ಇತ್ತೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಮಲ್ಲರ ಪಾವೆ ಅಲ್ಲಿಯದೆಂಬುದು ಅವರ ಆಧಾರ. ಭಕ್ತರ ಹೆಜ್ಜೆ ಮಾತ್ರ ಶತಮಾನಗಳಿಂದ ನಳಂದ ಜಿಲ್ಲೆಯ ಈ ಊರಿನ ಕಡೆಗೇ.

ಕೆರೆಯ ನಡುವಿನ ಜಲಮಂದಿರ ಮಹಾವೀರರ ದೇಹಕ್ಕೆ ಅಗ್ನಿಸಂಸ್ಕಾರ ಆದ ಜಾಗ. ಚಿತೆಯ ಬೂದಿಯನ್ನೂ ಅದು ಮುಗಿದ ಮೇಲೆ ಅಲ್ಲಿನ ಮಣ್ಣನ್ನೂ ಜನ ಚಿಟಿಕೆ ಚಿಟಿಕೆಯಾಗಿ ಹಣೆಗಿಟ್ಟುಕೊಂಡು ಹೋಗಿ ಹೋಗಿ ಕೆರೆಯಷ್ಟು ದೊಡ್ಡ ಗುಂಡಿಯಾಯಿತೆಂಬ ಕಥೆ ಇದೆ. ಮೊದಲ ಗುಡಿ ಕಟ್ಟಿಸಿದವನು ಅಣ್ಣ ನಂದಿವರ್ಧನ ಎಂಬ ನಂಬಿಕೆ. ಈಗಿರುವುದು ಬಿಳಿ ಅಮೃತಶಿಲೆಯ, ವಿಮಾನದಾಕಾರದ (ದೇವತೆಗಳ ರಥದಂಥ) ಗುಡಿ. ದಡದಿಂದ ಸುಮಾರು 600 ಅಡಿಯ ಕಲ್ಲಿನ ಸೇತುವೆ. ಒಳಗೆ ಮೂರ್ತಿ ಇಲ್ಲ, ಚರಣಪಾದುಕೆಗಳು ಮಾತ್ರ. ನಡುವೆ ಮಹಾವೀರರದು, ಎರಡು ಪಕ್ಕ ಗೌತಮ, ಸುಧರ್ಮ ಗಣಧರರದು. ಹನ್ನೊಂದು ಗಣಧರರಲ್ಲಿ ಒಂಬತ್ತು ಮಂದಿ ಗುರುವಿಗಿಂತ ಮುಂಚೆಯೇ ರಾಜಗೃಹದಲ್ಲಿ ಮುಕ್ತರಾದರು, ಉಳಿದಿದ್ದವರು ಈ ಇಬ್ಬರೇ ಎಂದು ಗೊತ್ತಿದ್ದವರಿಗೆ ಆ ಮೂರು ಜೋಡಿ ಪಾದಗಳು ಬೇರೆಯಾಗಿಯೇ ಕಾಣುತ್ತವೆ. ರಾಜಗೀರ್ ನೋಡಿಕೊಂಡು ಇಲ್ಲಿಗೆ ಬನ್ನಿ ಎನ್ನುವುದು ಇದಕ್ಕೇ.

ತಾವರೆ ಬೇಕೆಂದರೆ ಜುಲೈನಿಂದ ಸೆಪ್ಟೆಂಬರ್. ಆಗ ಕೆರೆ ಎಲೆಯಿಂದಲೇ ಮುಚ್ಚಿರುತ್ತದೆ, ಸೆಕೆ ಮಾತ್ರ ವಿಪರೀತ. ನವೆಂಬರ್, ಫೆಬ್ರವರಿ ಹವೆ ಹಿತವಾದ ತಿಂಗಳುಗಳು. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದು ಸೇತುವೆಯ ಇನ್ನೊಂದು ತುದಿಯೇ ಕಾಣದು, ರೈಲು, ವಿಮಾನ ಎರಡೂ ತಡ. ಮೇ ತಿಂಗಳಲ್ಲಿ ಬರಿಗಾಲಲ್ಲಿ ಆ ಸೇತುವೆಯನ್ನು ಮಧ್ಯಾಹ್ನ ದಾಟುವುದು ಆಗದ ಮಾತು, ನೀರೂ ಇಳಿದಿರುತ್ತದೆ. ಕೆರೆಯಲ್ಲಿ ಮೀನು ಹಿಡಿಯುವಂತಿಲ್ಲ, ಮೀನು, ನೀರಹಕ್ಕಿಗಳು ಹೆದರದೆ ಸೇತುವೆಯ ಹತ್ತಿರಕ್ಕೇ ಬರುತ್ತವೆ. ಅವಕ್ಕೆ ಬಿಸ್ಕತ್ತು, ಪುರಿ ಎಸೆಯಬೇಡಿ, ನೀರು ಕೆಡುತ್ತದೆ.

ಸಮಯ ಉಳಿದವರು ಪಾವಾಪುರಿಯಿಂದ ನವಾದಾ ಬಳಿಯ ಗುಣಾವಾಕ್ಕೆ ಹೋಗಬಹುದು. ಗೌತಮ ಗಣಧರರ ನೆನಪಿನ ಕ್ಷೇತ್ರ, ಅಲ್ಲೂ ಚಿಕ್ಕ ಜಲಮಂದಿರ ಇದೆ. ಜಾರ್ಖಂಡ್‌ನ ಸಮ್ಮೇದ ಶಿಖರಜಿಯನ್ನು ಸೇರಿಸುವವರು ಇನ್ನೂ ಮೂರು ದಿನ ಕೂಡಿಸಿಕೊಳ್ಳಲಿ. ಅಲ್ಲಿಯದು 27 ಕಿ.ಮೀ. ವಂದನೆ, ಆದರೆ ಅಲ್ಲಿ ಮುಕ್ತರಾದ 20 ತೀರ್ಥಂಕರರಲ್ಲಿ ಮಹಾವೀರರು ಇಲ್ಲ.

ಈ ಯಾತ್ರೆಯಲ್ಲಿ ನಮಗೆ ಕೊರತೆ ಎನಿಸುವುದು ವಿವರಣೆಯದು. ಫಲಕಗಳು ಹಿಂದಿಯಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಕನ್ನಡದ ಹಿರಿಯರಿಗೆ ಜೊತೆಯಲ್ಲಿ ಓದಿ ಹೇಳುವವರು ಬೇಕು. ಗುಂಪಿನಲ್ಲಿ ಹೋಗುವ ಸಂಘಗಳು ಪ್ರತಿ ಊರಿಗೆ ಒಂದೊಂದು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಿದರೆ ದೊಡ್ಡ ಉಪಕಾರ. ಆಚಣ್ಣನ ವರ್ಧಮಾನ ಪುರಾಣದ ನಾಲ್ಕು ಪದ್ಯ ಅದರಲ್ಲಿ ಇರಲಿ. ಪಾವಾಪುರಿಯ ಬೆಳಗ್ಗೆ, ಪ್ಯಾಕೇಜ್ ಗಾಡಿಗಳು ಬರುವ ಮುಂಚೆ, ಆರು ಗಂಟೆಯ ಹೊತ್ತಿಗೆ ಸೇತುವೆಯ ತುದಿಯಲ್ಲಿ ಕೂತು ಓದುವುದಕ್ಕೆ ಜಾಗವೂ ಇದೆ, ಸದ್ದೂ ಇರುವುದಿಲ್ಲ.